ಎಡಗೈ ಹೇಳುವ ಪ್ರೇಮ: ‘ಯುವರ್ ಸಾಂಗ್’ ಹಾಡಿನ ಒಳಗೆ

ಬ್ರಿಟಿಷ್ ಗಾಯಕ, ಪಿಯಾನೊ ವಾದಕ ಎಲ್ಟನ್ ಜಾನ್ ಅವರ ‘ಯುವರ್ ಸಾಂಗ್’ ಸುಮಾರು ನಾಲ್ಕು ನಿಮಿಷದ ಪ್ರೇಮಗೀತೆ. 1970ರಲ್ಲಿ ಹೊರಬಂದ ಈ ಹಾಡಿನ ಸಾಹಿತ್ಯವನ್ನಷ್ಟೇ ಕಾಗದದ ಮೇಲೆ ಓದಿದರೆ ಅದು ದೊಡ್ಡ ಕಾವ್ಯವೆನಿಸುವುದಿಲ್ಲ. ಪ್ರೇಮಿ ಮಾತಿಗೆ ತಡವರಿಸುತ್ತಾನೆ. ತಾನು ಶಿಲ್ಪಿಯಾಗಿದ್ದರೆ ಎಂದು ಒಂದು ಕಲ್ಪನೆಯನ್ನು ಆರಂಭಿಸಿ, ಅದನ್ನು ಮುಗಿಸದೆ ಬೇಡವೆಂದು ಕೈಬಿಡುತ್ತಾನೆ. ಪ್ರೀತಿಸಿದವರ ಕಣ್ಣು ಹಸಿರೋ ನೀಲಿಯೋ ಎಂಬುದನ್ನೇ ಮರೆತು ಕ್ಷಮೆ ಕೇಳುತ್ತಾನೆ. ಇಷ್ಟೆಲ್ಲ ಎಡವಿದರೂ ಕೇಳುವವರಿಗೆ ಅವನ ಮೇಲೆ ನಂಬಿಕೆ ಹುಟ್ಟುತ್ತದೆ. ಈ ನಂಬಿಕೆಯನ್ನು ಹುಟ್ಟಿಸುವುದು ಕಂಠವೂ ಅಲ್ಲ, ವಾದ್ಯವೃಂದವೂ ಅಲ್ಲ, ಪಿಯಾನೊದ ಮೇಲಿನ ಎಡಗೈ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಾಧಿಸಿ ತೋರಿಸಬೇಕಾದರೆ ಹಾಡು ಹುಟ್ಟಿದ ಬಗೆಯನ್ನೂ ಅದರ ಹಾರ್ಮನಿಯನ್ನೂ (ಸ್ವರಗಳು ಒಟ್ಟಿಗೆ ನುಡಿಯುವ ಬಗೆ) ಒಟ್ಟಿಗೆ ನೋಡಬೇಕಾಗುತ್ತದೆ.

1967ರಲ್ಲಿ ಲಂಡನ್ನಿನ ಲಿಬರ್ಟಿ ರೆಕಾರ್ಡ್ಸ್ ಸಂಸ್ಥೆಯು ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಹೊಸ ಪ್ರತಿಭೆಗಳು ಬೇಕೆಂದು ಜಾಹೀರಾತು ಕೊಟ್ಟಿತು. ಅದಕ್ಕೆ ಪ್ರತ್ಯೇಕವಾಗಿ ಉತ್ತರಿಸಿದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಮುಂದೆ ಎಲ್ಟನ್ ಜಾನ್ ಎನಿಸಿಕೊಂಡ, ಆಗಿನ್ನೂ ರೆಜಿನಾಲ್ಡ್ ಡ್ವೈಟ್ ಎಂಬ ಹೆಸರಿನಲ್ಲಿದ್ದ, ರಾಗ ಕಟ್ಟಬಲ್ಲ ಆದರೆ ಸಾಹಿತ್ಯ ಬರೆಯಲಾಗದ ಪಿಯಾನೊ ವಾದಕ. ಇನ್ನೊಬ್ಬರು ಲಿಂಕನ್‌ಶೈರಿನ ಹಳ್ಳಿಗಾಡಿನಿಂದ ಬಂದ, ಸಾಹಿತ್ಯ ಬರೆಯಬಲ್ಲ ಆದರೆ ಒಂದು ಸ್ವರವನ್ನೂ ನುಡಿಸಲಾರದ ಬರ್ನಿ ಟಾಪಿನ್. ಸಂಸ್ಥೆ ಇವರನ್ನು ಸೇರಿಸಿಕೊಳ್ಳಲಿಲ್ಲ. ಆದರೆ ಅಲ್ಲಿದ್ದ ರೇ ವಿಲಿಯಮ್ಸ್ ಅವರು ಟಾಪಿನ್ ಕಳುಹಿಸಿದ್ದ ಸಾಹಿತ್ಯದ ಲಕೋಟೆಯನ್ನು ಪಿಯಾನೊ ವಾದಕನ ಕೈಗಿತ್ತರು. ಹೀಗೆ ಆರಂಭವಾದ ಪಾಲುದಾರಿಕೆಯು ಸಂಗೀತ ಪ್ರಕಾಶಕ ಡಿಕ್ ಜೇಮ್ಸ್ ಅವರ ಸಂಸ್ಥೆಯಲ್ಲಿ ಸಂಬಳದ ಕೆಲಸವಾಗಿ ಬೆಳೆಯಿತು.

ಇವರ ಕೆಲಸದ ಕ್ರಮ ಆಗಲೂ ಈಗಲೂ ಒಂದೇ. ಮೊದಲು ಟಾಪಿನ್ ಸಾಹಿತ್ಯ ಬರೆದು ಕೊಡುತ್ತಾರೆ. ಆಮೇಲೆ ಎಲ್ಟನ್ ಒಬ್ಬರೇ ಕುಳಿತು ಅದಕ್ಕೆ ಸಂಗೀತ ಹೊಂದಿಸುತ್ತಾರೆ. ಟ್ಯೂನು ಮೊದಲು, ಸಾಹಿತ್ಯ ಆಮೇಲೆ ಎಂಬ ಸಿನಿಮಾ ಹಾಡಿನ ರೂಢಿಗೆ ಇದು ತದ್ವಿರುದ್ಧ. ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವತ್ಥ್ ಅವರು ಕವಿಗಳ ಪದ್ಯಗಳನ್ನು ಎದುರಿಗಿಟ್ಟುಕೊಂಡು ಸುಗಮ ಸಂಗೀತ ಕಟ್ಟಿದ ಕ್ರಮಕ್ಕೆ ಹತ್ತಿರವಾದದ್ದು. ಸಾಲು ಎಲ್ಲಿ ಹಿಂಜರಿಯುತ್ತದೆ, ಎಲ್ಲಿ ಧೈರ್ಯ ತಾಳುತ್ತದೆ ಎಂಬುದನ್ನು ನೋಡಿಕೊಂಡು ಸಂಗೀತವನ್ನು ಅದಕ್ಕೆ ತಕ್ಕಂತೆ ಬಾಗಿಸಲು ಈ ಕ್ರಮದಲ್ಲಿ ಅವಕಾಶ ಹೆಚ್ಚು.

‘ಯುವರ್ ಸಾಂಗ್’ ಹುಟ್ಟಿದ್ದು 1969ರಲ್ಲಿ, ಲಂಡನ್ನಿನ ವಾಯವ್ಯ ಅಂಚಿನ ನಾರ್ತ್‌ವುಡ್ ಹಿಲ್ಸ್‌ನಲ್ಲಿದ್ದ ಎಲ್ಟನ್ ಅವರ ತಾಯಿಯ ಫ್ಲ್ಯಾಟಿನಲ್ಲಿ. ಇಬ್ಬರು ಗೆಳೆಯರೂ ಅಲ್ಲಿಯೇ ಒಂದು ಕೋಣೆಯಲ್ಲಿ, ಒಂದರ ಮೇಲೊಂದಿದ್ದ ಮಂಚಗಳಲ್ಲಿ ಮಲಗುತ್ತಿದ್ದರು. ಟಾಪಿನ್ ಬೆಳಗಿನ ಉಪಾಹಾರದ ಹೊತ್ತಿಗೆ ಸಾಹಿತ್ಯ ಬರೆದರು. ಎಲ್ಟನ್ ಅದನ್ನು ಪಿಯಾನೊ ಬಳಿಗೆ ಒಯ್ದು ಸುಮಾರು ಇಪ್ಪತ್ತು ನಿಮಿಷದಲ್ಲಿ ಸಂಗೀತ ಮುಗಿಸಿದರೆಂಬುದು ಅವರೇ ಹೇಳಿಕೊಂಡು ಬಂದ ಮಾತು. ಈ ಸಾಹಿತ್ಯ ಪ್ರೇಮದ ಅನುಭವವೇ ಇಲ್ಲದ ಹದಿನೇಳರ ಹುಡುಗನದು ಎಂದು ಟಾಪಿನ್ ಮುಂದೆ ಹೇಳಿದ್ದುಂಟು. 1950ರ ಮೇ ತಿಂಗಳಲ್ಲಿ ಹುಟ್ಟಿದ ಅವರಿಗೆ 1969ರಲ್ಲಿ ಹತ್ತೊಂಬತ್ತು ತುಂಬಿತ್ತು. ವಯಸ್ಸಿನ ಲೆಕ್ಕ ತಪ್ಪಿದರೂ ಮನಸ್ಸಿನ ಲೆಕ್ಕ ಸರಿಯಾಗಿಯೇ ಇದೆ. ಹಾಡಿನಲ್ಲಿ ಪ್ರೀತಿಸಿದವರಿಗೆ ಹೆಸರಿಲ್ಲ, ಗಂಡೋ ಹೆಣ್ಣೋ ಎಂಬ ಸೂಚನೆಯೂ ಇಲ್ಲ. ಬರೆದವರೊಬ್ಬರು, ಹಾಡಿದವರೊಬ್ಬರು, ಇಬ್ಬರೂ ತಮ್ಮ ತಮ್ಮ ಮನಸ್ಸಿನವರನ್ನು ಇಟ್ಟುಕೊಳ್ಳಲು ಜಾಗ ಬಿಟ್ಟ ಹಾಡು ಇದು.

ಇಪ್ಪತ್ತು ನಿಮಿಷ ಎಂಬುದನ್ನು ಪವಾಡವೆಂದು ಭಾವಿಸಬೇಕಿಲ್ಲ. ಎಲ್ಟನ್ ಹನ್ನೊಂದನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನ ಶನಿವಾರದ ತರಗತಿಗಳಿಗೆ ಹೋಗಿದ್ದವರು. ಅಲ್ಲಿ ಬಾಖ್ ಮತ್ತು ಶೋಪೆನ್ ಅವರ ಕೃತಿಗಳನ್ನು ನುಡಿಸಿದ್ದವರು, ವೃಂದಗಾನದಲ್ಲಿ ಹಾಡಿದ್ದವರು. ಆಮೇಲೆ ಪಬ್‌ಗಳಲ್ಲಿ, ಬ್ಲೂಸ್ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದ್ದರು. ಕೈಗೆ ಕೂತಿದ್ದ ವಿದ್ಯೆ ಆ ದಿನ ಸರಿಯಾದ ಸಾಹಿತ್ಯವನ್ನು ಕಂಡಿತು, ಅಷ್ಟೆ.

ಇನ್ನು ಹಾರ್ಮನಿಗೆ ಬರೋಣ. ನಮ್ಮ ಸಂಗೀತದಲ್ಲಿ ತಂಬೂರಿ ಷಡ್ಜ (ಸ), ಪಂಚಮ (ಪ) ಸ್ವರಗಳನ್ನು ಹಿಡಿದು ನಿಲ್ಲುತ್ತದೆ. ಅದರ ಮೇಲೆ ರಾಗ ಎಷ್ಟು ದೂರ ಸಂಚರಿಸಿದರೂ ಕಾಲಡಿಯ ನೆಲ ಅಲುಗುವುದಿಲ್ಲ. ಪಾಶ್ಚಾತ್ಯ ಹಾರ್ಮನಿಯಲ್ಲಿ ನೆಲವೇ ಚಲಿಸುತ್ತದೆ. ಕನಿಷ್ಠ ಮೂರು ಸ್ವರಗಳನ್ನು ಒಂದೇ ಕಾಲಕ್ಕೆ ನುಡಿಸಿದರೆ ಅದು ಒಂದು ಕಾರ್ಡ್. ಸ, ಗ, ಪ ಸೇರಿದರೆ ಷಡ್ಜದ ಕಾರ್ಡ್. ಮ, ಧ, ಮೇಲಿನ ಸ ಸೇರಿದರೆ ಮಧ್ಯಮದ ಕಾರ್ಡ್. ಹೀಗೆ ಪ್ರತಿ ಸ್ವರದ ಮೇಲೂ ಒಂದೊಂದು ಕಾರ್ಡ್ ಕಟ್ಟಬಹುದು. ಷಡ್ಜದಿಂದ ಅಂತರ ಗಾಂಧಾರಕ್ಕೆ ಇರುವಷ್ಟು ದೂರದಲ್ಲಿ ನಡುವಿನ ಸ್ವರವಿದ್ದರೆ ಅದನ್ನು ಮೇಜರ್ ಎನ್ನುತ್ತಾರೆ, ಅದರ ನಾದ ತೆರೆದ ಮನಸ್ಸಿನದು. ಅದಕ್ಕಿಂತ ಅರ್ಧ ಸ್ವರ ಕೆಳಗಿನ ಸಾಧಾರಣ ಗಾಂಧಾರದಷ್ಟು ದೂರದಲ್ಲಿದ್ದರೆ ಮೈನರ್, ಅದರಲ್ಲಿ ಸ್ವಲ್ಪ ಮಂಕು ಇರುತ್ತದೆ. ಹಾಡು ಮುಂದುವರಿದಂತೆ ಕಾರ್ಡ್‌ಗಳು ಬದಲಾಗುತ್ತವೆ, ಒಂದೇ ಸ್ವರವನ್ನು ಎಳೆದು ಹಿಡಿದಿದ್ದರೂ ಕೆಳಗಿನ ಕಾರ್ಡ್ ಬದಲಾದೊಡನೆ ಅದರ ಅರ್ಥ ಬೇರೆಯಾಗುತ್ತದೆ.

‘ಯುವರ್ ಸಾಂಗ್’ ಇರುವುದು ಇ ಫ್ಲ್ಯಾಟ್ ಮೇಜರ್‌ನಲ್ಲಿ. ಹಾರ್ಮೋನಿಯಂನವರ ಮಾತಿನಲ್ಲಿ ಹೇಳುವುದಾದರೆ ಕಪ್ಪು ಎರಡರ ಶ್ರುತಿ. ಮೇಜರ್ ಸ್ಕೇಲಿನ ಸ್ವರಗಳು ನಮ್ಮ ಶಂಕರಾಭರಣ ರಾಗದವೇ. ರಾಗದ ಲಕ್ಷಣ ಇಲ್ಲಿಲ್ಲ, ಗಮಕವಿಲ್ಲ. ಸ್ವರಸ್ಥಾನಗಳನ್ನು ಗುರುತಿಸಲು ಮಾತ್ರ ಈ ಹೋಲಿಕೆ ಅನುಕೂಲ. ಮುಂದಿನದೆಲ್ಲವನ್ನೂ ಸ್ವರಗಳ ಹೆಸರಿನಲ್ಲಿಯೇ ಹೇಳುತ್ತೇನೆ.

ಹಾಡಿನ ಆರಂಭದ ಪಿಯಾನೊ ಭಾಗವನ್ನು ಕೇಳಿದರೆ ಕರ್ನಾಟಕ ಸಂಗೀತ ಬಲ್ಲವರಿಗೆ ಅಪರಿಚಿತವೆನಿಸುವುದಿಲ್ಲ. ಬಲಗೈ ಷಡ್ಜದ ಕಾರ್ಡಿನಿಂದ ಮಧ್ಯಮದ ಕಾರ್ಡಿಗೆ, ಅಲ್ಲಿಂದ ಪಂಚಮದ ಕಾರ್ಡಿಗೆ, ಮತ್ತೆ ಮಧ್ಯಮಕ್ಕೆ ತೂಗಾಡುತ್ತದೆ. ಎಡಗೈ ಮಾತ್ರ ಷಡ್ಜವನ್ನೇ ಹಿಡಿದಿರುತ್ತದೆ. ಪಾಶ್ಚಾತ್ಯರು ಪೆಡಲ್ ಪಾಯಿಂಟ್ ಎನ್ನುವ ಈ ಉಪಾಯ ಮೂಲತಃ ಶ್ರುತಿ ಹಿಡಿಯುವ ಕೆಲಸವೇ. ಗಾಯಕ ಬಾಯಿ ತೆರೆಯುವ ಮೊದಲು ಎಲ್ಲವೂ ಸ್ಥಿರವಾಗಿದೆ, ಮನೆಯೊಳಗೇ ಇದೆ.

ಹಾಡು ಆರಂಭವಾದೊಡನೆ ಎಡಗೈ ನಡೆಯತೊಡಗುತ್ತದೆ. ಮೊದಲ ಸಾಲಿನ ನಾಲ್ಕು ಕಾರ್ಡ್‌ಗಳು ಷಡ್ಜ, ಮಧ್ಯಮ, ಪಂಚಮ, ಗಾಂಧಾರ. ಮೊದಲ ಮೂರು ಮೇಜರ್, ಕೊನೆಯದು ಮೈನರ್. ಆದರೆ ಪಂಚಮದ ಕಾರ್ಡನ್ನು ಎಲ್ಟನ್ ನೇರವಾಗಿ ನಿಲ್ಲಿಸುವುದಿಲ್ಲ. ಅದರ ಮೂರು ಸ್ವರಗಳಲ್ಲಿ ನಡುವಿನದಾದ ನಿಷಾದವನ್ನು ಕೆಳಗಿಟ್ಟು ನುಡಿಸುತ್ತಾರೆ. ಹೀಗೆ ಬುಡದ ಸ್ವರದ ಬದಲು ಬೇರೊಂದನ್ನು ತಳದಲ್ಲಿಡುವುದಕ್ಕೆ ಇನ್ವರ್ಷನ್ ಎಂದು ಹೆಸರು, ಈ ಹಾಡಿನ ಅರ್ಧ ಗುಟ್ಟು ಅದರಲ್ಲಿಯೇ ಇದೆ. ಈಗ ತಳದ ಸ್ವರಗಳನ್ನಷ್ಟೇ ಓದಿ: ಸ, ಮ, ನಿ, ಗ, ಎರಡನೆಯ ಸಾಲು ಆರಂಭವಾಗುವುದು ಧ ಮೇಲೆ. ಪ್ರತಿ ಬಾರಿಯೂ ಹೊರಟ ಸ್ವರದಿಂದ ನಾಲ್ಕನೆಯದಕ್ಕೆ ಜಿಗಿತ. ಬಾಖ್ ಅವರ ಕಾಲದಿಂದಲೂ ಐರೋಪ್ಯ ಸಂಗೀತವನ್ನು ಮುಂದಕ್ಕೆ ತಳ್ಳುತ್ತ ಬಂದ ಚಕ್ರವೇ ಇದು, ಒಂದು ಕಾರ್ಡನ್ನು ತಲೆಕೆಳಗು ಮಾಡಿದ್ದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಬಾಯಿ ‘ಇದೊಂದು ವಿಚಿತ್ರ ಭಾವನೆ’ ಎಂದು ಅಳುಕುತ್ತಿರುವಾಗ ಕೆಳಗಿನ ಹೆಜ್ಜೆ ಮುನ್ನೂರು ವರ್ಷದ ಹಳೆಯ ದಾರಿಯಲ್ಲಿ ಒಂದು ಬಾರಿಯೂ ತಡವರಿಸದೆ ಸಾಗಿರುತ್ತದೆ.

ಎರಡನೆಯ ಸಾಲನ್ನು ಕೈಯಾರೆ ನುಡಿಸಿ ನೋಡುವುದು ಒಳ್ಳೆಯದು. ಮನೆಯಲ್ಲಿ ಸಣ್ಣ ಕೀಬೋರ್ಡ್ ಇದ್ದರೂ ಸಾಕು. ಬಿಳಿ ಒಂದನ್ನು, ಎಂದರೆ ಸಿ ಸ್ವರವನ್ನು, ಷಡ್ಜವಾಗಿ ಇಟ್ಟುಕೊಳ್ಳಿ. ಬಲಗೈಯಲ್ಲಿ ಧ, ಮೇಲಿನ ಸ, ಮೇಲಿನ ಗ ಈ ಮೂರನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಅದು ಧೈವತದ ಮೈನರ್ ಕಾರ್ಡ್. ಬಲಗೈಯನ್ನು ಕದಲಿಸದೆ ಎಡಗೈಯಲ್ಲಿ ಕೆಳಗಿನ ಧ, ಆಮೇಲೆ ಪ, ಆಮೇಲೆ ಪ್ರತಿ ಮಧ್ಯಮ (ಪಂಚಮಕ್ಕಿಂತ ಅರ್ಧ ಸ್ವರ ಕೆಳಗಿನದು), ಕೊನೆಗೆ ಅದಕ್ಕಿಂತ ಅರ್ಧ ಸ್ವರ ಕೆಳಗಿನ ಶುದ್ಧ ಮಧ್ಯಮವನ್ನು ಒಂದೊಂದಾಗಿ ನುಡಿಸಿ. ಮೇಲೆ ಏನೂ ಬದಲಾಗಿಲ್ಲ, ಆದರೂ ನಾಲ್ಕು ಬೇರೆ ಬೇರೆ ಬಣ್ಣಗಳು ಬಂದು ಹೋಗುತ್ತವೆ. ಮೂರನೆಯದರಲ್ಲಿ ಶಂಕರಾಭರಣದ ಹೊರಗಿನ ಸ್ವರವೊಂದು ಒಳಗೆ ಕಾಲಿಟ್ಟು ಎದೆಯಲ್ಲಿ ಸಣ್ಣದೊಂದು ಕಂಪನ ಎಬ್ಬಿಸುತ್ತದೆ. ನಾಲ್ಕನೆಯದರಲ್ಲಿ ಅದು ಅರ್ಧ ಸ್ವರದಷ್ಟು ಜಾರಿ ಬೆಚ್ಚನೆಯ ಮಧ್ಯಮದ ಕಾರ್ಡ್ ಆಗುತ್ತದೆ. ಮೈನರ್‌ನಲ್ಲಿ ಆರಂಭವಾದದ್ದು ಬಲಗೈ ಅಲುಗದೆಯೇ ಮೇಜರ್‌ಗೆ ಬಂದು ಸೇರಿತು. ಭಾವನೆಯನ್ನು ಸುಲಭವಾಗಿ ಮುಚ್ಚಿಡುವ ಜಾತಿಯವನು ನಾನಲ್ಲ ಎಂದು ಪ್ರೇಮಿ ಒಪ್ಪಿಕೊಳ್ಳುವ ಸಾಲು ಇದು. ಮುಖದಲ್ಲಿ ಏನನ್ನೂ ತೋರಿಸದೆ ಒಳಗೇ ಇಳಿಯುತ್ತಿರುವ ಮನಸ್ಸಿಗೆ ಇದಕ್ಕಿಂತ ಮಿತವ್ಯಯದ ಸಂಗೀತವನ್ನು ಊಹಿಸುವುದು ಕಷ್ಟ.

ಮೂರನೆಯ ಸಾಲಿನಲ್ಲಿ ಪ್ರೇಮಿ ತನ್ನ ಬಳಿ ಹಣವಿಲ್ಲವೆಂದು ಹೇಳಿ, ಇದ್ದಿದ್ದರೆ ಎಂದು ಕನಸಿಗೆ ತೊಡಗುತ್ತಾನೆ. ಇಲ್ಲಿ ಎಡಗೈ ದಿಕ್ಕು ಬದಲಿಸಿ ಮೇಲಕ್ಕೆ ಹತ್ತುತ್ತದೆ: ಪಂಚಮ, ಮತ್ತೆ ಪಂಚಮ, ಆಮೇಲೆ ಶುದ್ಧ ಧೈವತ, ಆಮೇಲೆ ಅದಕ್ಕಿಂತ ಅರ್ಧ ಸ್ವರ ಮೇಲಿನ ಚತುಶ್ರುತಿ ಧೈವತ (ಈವರೆಗೆ ಧ ಎಂದದ್ದು ಇದನ್ನೇ). ಶುದ್ಧ ಧೈವತ ಕೂಡ ಶಂಕರಾಭರಣಕ್ಕೆ ಸೇರಿದ್ದಲ್ಲ. ಅದನ್ನು ತರಲು ಎಲ್ಟನ್ ಗಾಂಧಾರದ ಕಾರ್ಡನ್ನು ಮೈನರ್‌ನಿಂದ ಮೇಜರ್‌ಗೆ ತಿರುಗಿಸಿ, ಅದರ ನಡುವಿನ ಸ್ವರವನ್ನು ತಳಕ್ಕಿಟ್ಟಿದ್ದಾರೆ. ಗ್ರಹಭೇದ (ರಾಗದ ಬೇರೊಂದು ಸ್ವರವನ್ನು ಷಡ್ಜವಾಗಿ ಹಿಡಿದು ಹೊಸ ರಾಗ ಪಡೆಯುವುದು) ಬಲ್ಲವರಿಗೆ ಇದರ ತರ್ಕ ಬೇಗ ಹೊಳೆಯುತ್ತದೆ. ಶಂಕರಾಭರಣದ ಧೈವತವನ್ನೇ ಷಡ್ಜವೆಂದು ಹಿಡಿದರೆ ಸಿಗುವುದು ನಠಭೈರವಿ. ಆ ಹೊಸ ಷಡ್ಜಕ್ಕೆ ಗಾಂಧಾರವು ಪಂಚಮವಾಗುತ್ತದೆ, ಶುದ್ಧ ಧೈವತವು ಷಡ್ಜಕ್ಕಿಂತ ಅರ್ಧ ಸ್ವರವಷ್ಟೇ ಕೆಳಗಿರುವ ಕಾಕಲಿ ನಿಷಾದವಾಗುತ್ತದೆ. ಕಾಕಲಿ ನಿಷಾದ ಷಡ್ಜಕ್ಕೆ ಎಷ್ಟು ಹಾತೊರೆಯುತ್ತದೆಯೋ ಈ ಸ್ವರವೂ ಮುಂದಿನದಕ್ಕೆ ಅಷ್ಟೇ ಹಾತೊರೆಯುತ್ತದೆ. ಒಂದು ಕ್ಷಣದ ಮಟ್ಟಿಗೆ ಹಾಡು ಬೇರೊಂದು ಮನೆಯನ್ನು ತನ್ನದೆಂದು ನಂಬುತ್ತದೆ. ಆದರೆ ಇಷ್ಟು ಆಸೆಯಿಂದ ಹತ್ತಿ ತಲುಪಿದ್ದು ಮೈನರ್ ಕಾರ್ಡನ್ನು. ಹಣದ ಕನಸು ಏರುತ್ತದೆ, ಏರಿದ ಮೇಲೆ ಮಂಕಾಗುತ್ತದೆ.

ನಾಲ್ಕನೆಯ ಸಾಲು ಈ ರಚನೆಯ ಅತ್ಯಂತ ಜಾಣ ಭಾಗವೆಂದು ನನಗೆ ಅನಿಸುತ್ತದೆ, ಇದನ್ನು ಗಮನಿಸಬೇಕಾದರೆ ಮೊದಲ ಎರಡು ಚರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳಬೇಕು. ಮೊದಲ ಚರಣದ ಕೊನೆಯಲ್ಲಿ ಪ್ರೇಮಿ, ಇಬ್ಬರೂ ಇರಬಹುದಾದ ದೊಡ್ಡ ಮನೆಯೊಂದನ್ನು ಕೊಳ್ಳುತ್ತಿದ್ದೆ ಎನ್ನುತ್ತಾನೆ. ಅಲ್ಲಿನ ಕಾರ್ಡ್‌ಗಳು ಷಡ್ಜ, ರಿಷಭ, ಮಧ್ಯಮ, ಪಂಚಮ. ಪಂಚಮದ ಮೇಲೆ ಸಾಲು ನಿಂತುಬಿಡುತ್ತದೆ. ಪಂಚಮದ ಕಾರ್ಡ್ ಪ್ರಶ್ನೆಯಂತೆ ತೂಗಾಡುವ ಕಾರ್ಡ್. ಅದರಲ್ಲಿ ನಿಂತ ವಾಕ್ಯ ಮುಗಿದ ವಾಕ್ಯವಲ್ಲ. ಎರಡನೆಯ ಚರಣದಲ್ಲಿ ಅದೇ ಸಂಗೀತ ಮತ್ತೆ ಬರುತ್ತದೆ, ಶಿಲ್ಪಿಯ ಕಲ್ಪನೆ ಬಂದು ಹೋಗುತ್ತದೆ. ‘ಬೇಡ’ ಎಂದು ಅದನ್ನು ಕೈಬಿಡುವ ಮಾತು ಸರಿಯಾಗಿ ಗಾಂಧಾರದ ಮೈನರ್ ಕಾರ್ಡಿನ ಮೇಲೆಯೇ ಬೀಳುತ್ತದೆ. ಕೊನೆಯ ಸಾಲಿನಲ್ಲಿ, ನಾನು ಕೊಡಬಲ್ಲದ್ದು ಈ ಹಾಡು, ಇದು ನಿನಗೆ ಎನ್ನುತ್ತಾನೆ. ಕಾರ್ಡ್‌ಗಳು ಮತ್ತೆ ಷಡ್ಜ, ರಿಷಭ, ಮಧ್ಯಮ. ಆದರೆ ಈ ಬಾರಿ ಪಂಚಮಕ್ಕೆ ಹೋಗದೆ ನೇರವಾಗಿ ಷಡ್ಜಕ್ಕೆ ಮರಳುತ್ತವೆ. ಮಧ್ಯಮದಿಂದ ಷಡ್ಜಕ್ಕೆ ಬರುವ ಈ ಮುಕ್ತಾಯ ಇಗರ್ಜಿಯ ಸ್ತುತಿಗೀತೆಗಳ ಕೊನೆಯಲ್ಲಿ ‘ಆಮೆನ್’ ಹಾಡುವಾಗ ಬರುವಂಥದು. ಕೊಡಲಾಗದ ಮನೆ ಗಾಳಿಯಲ್ಲಿ ನೇತಾಡಿತು, ಕೊಡಲು ಸಾಧ್ಯವಾದ ಹಾಡು ಗುರಿ ಮುಟ್ಟಿತು. ಎಲ್ಟನ್ ಇದನ್ನು ಆಲೋಚಿಸಿ ಮಾಡಿದರೋ ಬೆರಳುಗಳೇ ಹುಡುಕಿಕೊಂಡವೋ ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಸಾಹಿತ್ಯವನ್ನು ಎದುರಿಗಿಟ್ಟುಕೊಂಡು ಸಂಗೀತ ಕಟ್ಟುವವರಿಗೆ ಮಾತ್ರ ಇಂಥದ್ದು ದಕ್ಕುತ್ತದೆ.

ಪಲ್ಲವಿ ಆರಂಭವಾಗುವುದು ಷಡ್ಜದಿಂದಲ್ಲ. ಈಗಷ್ಟೇ ಮನೆ ಸೇರಿದ ಹಾಡು ನಿಷಾದವನ್ನು ತಳದಲ್ಲಿಟ್ಟ ಪಂಚಮದ ಕಾರ್ಡಿನೊಂದಿಗೆ ಮತ್ತೆ ಹೊರಗೆ ಹೆಜ್ಜೆಯಿಟ್ಟು, ಧೈವತ, ರಿಷಭ, ಮಧ್ಯಮ ಎಂದು ಸುತ್ತುತ್ತದೆ. ಇದೇ ಸುತ್ತು ಎರಡು ಬಾರಿ. ಇದು ನಿನ್ನ ಹಾಡೆಂದು ಎಲ್ಲರಿಗೂ ಹೇಳಿಕೋ ಎಂಬ ಧೈರ್ಯದ ಮಾತಿನ ಕೆಳಗೆ ಷಡ್ಜದ ಕಾರ್ಡ್ ಒಮ್ಮೆಯೂ ಬರುವುದಿಲ್ಲ. ಆಮೇಲೆ ಪ್ರೇಮಿಗೆ ಮತ್ತೆ ಸಂಕೋಚ ಕಾಡುತ್ತದೆ. ಹೀಗೆ ಮಾತಿನಲ್ಲಿ ಬರೆದದ್ದಕ್ಕೆ ಬೇಸರಿಸಬೇಡ ಎಂದು ಎರಡೆರಡು ಬಾರಿ ಕೇಳಿಕೊಳ್ಳುತ್ತಾನೆ. ಆಗ ಕೆಳಗೆ ಬರುವುದು ಧ, ಪ, ಪ್ರತಿ ಮಧ್ಯಮ, ಶುದ್ಧ ಮಧ್ಯಮ. ಭಾವನೆಯನ್ನು ಮುಚ್ಚಿಡಲಾರೆ ಎಂದಾಗ ಇಳಿದಿದ್ದ ಅದೇ ನಾಲ್ಕು ಮೆಟ್ಟಿಲುಗಳು ಇಲ್ಲಿ ಕ್ಷಮೆಯ ಕೆಳಗೂ ಇವೆ. ಚರಣದ ನಿವೇದನೆ, ಪಲ್ಲವಿಯ ಕ್ಷಮೆ ಎರಡಕ್ಕೂ ಒಂದೇ ತಳಹದಿ ಇರುವುದರಿಂದ, ಸಾಹಿತ್ಯದಲ್ಲಿ ಚದುರಿದಂತೆ ಕಾಣುವ ಮನುಷ್ಯ ಸಂಗೀತದಲ್ಲಿ ಒಬ್ಬನೇ ಆಗಿ ಉಳಿಯುತ್ತಾನೆ. ಮೊದಲ ಪಲ್ಲವಿಯ ಕೊನೆ ಪಂಚಮದ ಮೇಲೆ ತೂಗಾಡಿದರೆ, ಇಡೀ ಹಾಡಿನ ಕೊನೆಯಲ್ಲಿ ಆ ಸಾಲು ಮರುಕಳಿಸಿ ಷಡ್ಜಕ್ಕೆ ಬಂದು ನಿಲ್ಲುತ್ತದೆ.

ಧ್ವನಿಮುದ್ರಣ ನಡೆದದ್ದು 1970ರ ಜನವರಿಯಲ್ಲಿ, ಲಂಡನ್ನಿನ ಸೋಹೊ ಪ್ರದೇಶದ ಟ್ರೈಡೆಂಟ್ ಸ್ಟುಡಿಯೋದಲ್ಲಿ. ನಿರ್ಮಾಪಕ ಗಸ್ ಡಜನ್. ತಂತಿವಾದ್ಯಗಳ ಸಂಯೋಜನೆ ಪಾಲ್ ಬಕ್‌ಮಾಸ್ಟರ್ ಅವರದು. ಅದರ ಹಿಂದಿನ ವರ್ಷ ಡೇವಿಡ್ ಬೋವಿ ಅವರ ‘ಸ್ಪೇಸ್ ಆಡಿಟಿ’ಯಲ್ಲಿ ಜೊತೆಯಾಗಿದ್ದವರು ಇವರೇ. ಬಕ್‌ಮಾಸ್ಟರ್ ಸ್ವತಃ ಚೆಲೊ ವಾದಕರು. ತಂತಿವಾದ್ಯಗಳನ್ನು ಅವರು ಪಿಯಾನೊದ ಮೇಲೆ ಹೊರಿಸದೆ ಅದರ ಖಾಲಿ ಜಾಗಗಳಲ್ಲಿ ಹರಿಯಬಿಟ್ಟಿದ್ದಾರೆ. ಡ್ರಮ್ಸ್ ಬರುವುದು ಮೊದಲ ಪಲ್ಲವಿ ಮುಗಿದ ಮೇಲೆ. ಅಲ್ಲಿಯವರೆಗೆ ಲಯದ ಹೊಣೆ ಪಿಯಾನೊ ಮತ್ತು ಗಿಟಾರ್‌ಗಳದು. ಲಿಟಲ್ ರಿಚರ್ಡ್, ಜೆರ್ರಿ ಲೀ ಲೂಯಿಸ್ ಅವರ ಕೈಯಲ್ಲಿ ಪಿಯಾನೊ ಬಡಿದು ನುಡಿಸುವ ರಾಕ್ ವಾದ್ಯವಾಗಿತ್ತು, ಎಲ್ಟನ್ ಕೂಡ ಅದನ್ನು ಬಲ್ಲವರು. ಇಲ್ಲಿ ಮಾತ್ರ ಕಾರ್ಡ್‌ಗಳನ್ನು ಬಿಡಿಬಿಡಿಯಾಗಿ ಬಿಡಿಸಿ ನುಡಿಸಿದ್ದಾರೆ.

ಹಾಡಿಗೆ ಜನಪ್ರಿಯತೆ ಬಂದದ್ದು ಸುತ್ತುದಾರಿಯಲ್ಲಿ. ಅಮೆರಿಕದ ಥ್ರೀ ಡಾಗ್ ನೈಟ್ ತಂಡ ಇದನ್ನು ಎಲ್ಟನ್ ಅವರಿಗಿಂತ ಮೊದಲೇ ತಮ್ಮ ಆಲ್ಬಮ್‌ನಲ್ಲಿ ಹೊರತಂದಿತ್ತು, ಆದರೆ ಸಿಂಗಲ್ (ಬಿಡಿ ಹಾಡಿನ ತಟ್ಟೆ) ಆಗಿ ಬಿಡುಗಡೆ ಮಾಡಲಿಲ್ಲ. 1970ರ ಆಗಸ್ಟ್ 25ರಂದು ಎಲ್ಟನ್ ಲಾಸ್ ಏಂಜಲಿಸ್‌ನ ಟ್ರೂಬಡೂರ್ ಕ್ಲಬ್ಬಿನಲ್ಲಿ ನೀಡಿದ ಕಾರ್ಯಕ್ರಮ ಅಮೆರಿಕದಲ್ಲಿ ಅವರ ಹೆಸರನ್ನು ಹಬ್ಬಿಸಿತು. ಅಲ್ಲಿ ಈ ಹಾಡು ಮೊದಲು ಬಂದದ್ದು ‘ಟೇಕ್ ಮಿ ಟು ದ ಪೈಲಟ್’ ಸಿಂಗಲ್‌ನ ಹಿಂಬದಿಯಲ್ಲಿ. ರೇಡಿಯೋದವರು ತಟ್ಟೆಯನ್ನು ಮಗುಚಿ ಹಿಂಬದಿಯನ್ನೇ ಹಾಕತೊಡಗಿದ್ದರಿಂದ ಅದೇ ಮುಖ್ಯ ಹಾಡಾಯಿತು. ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಅಮೆರಿಕದಲ್ಲಿ 8ನೆಯ, ಬ್ರಿಟನ್ನಿನಲ್ಲಿ 7ನೆಯ ಸ್ಥಾನದವರೆಗೆ ಏರಿತು. ತಮ್ಮ ಬೀಟಲ್ಸ್ ತಂಡದ ನಂತರ ಸಂಗೀತದಲ್ಲಿ ನಡೆದ ಮೊದಲ ಹೊಸ ಸಂಗತಿ ಇದೆಂದು ಜಾನ್ ಲೆನನ್ ಮುಂದೆ ಮೆಚ್ಚಿಕೊಂಡರು.

ಗಿಟಾರ್ ಹಿಡಿದು ಈ ಹಾಡನ್ನು ಕಲಿಯುವವರಿಗೆ ಒಂದು ಮಾತು. ಇ ಫ್ಲ್ಯಾಟ್ ಗಿಟಾರ್‌ಗೆ ಒಗ್ಗುವ ಶ್ರುತಿಯಲ್ಲ. ಆದ್ದರಿಂದ ಹೆಚ್ಚಿನವರು ಮೂರನೆಯ ಫ್ರೆಟ್ಟಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಸಿ ಮೇಜರ್‌ನ ಬೆರಳಿಕೆಯಲ್ಲಿ ನುಡಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಲಿಯುವವರಿಗಾಗಿ ಸರಳಗೊಳಿಸಿದ ಕಾರ್ಡ್ ಪಟ್ಟಿಯಲ್ಲಿ ತಳದ ಸ್ವರಗಳನ್ನು ಬಿಟ್ಟು ಎರಡನೆಯ ಸಾಲಿಗೆ ಎ ಮೈನರ್ ಎಂದಷ್ಟೇ ಬರೆದಿದ್ದರೆ, ನಾಲ್ಕು ಹೆಜ್ಜೆಗಳು ಹೋಗಿ ಒಂದೇ ಕಾರ್ಡ್ ಉಳಿಯುತ್ತದೆ, ಪ್ರತಿ ಮಧ್ಯಮ ಕೇಳಿಸುವುದೇ ಇಲ್ಲ. ಇದನ್ನು ಸರಿಪಡಿಸಲು ಹೆಚ್ಚಿನ ಅಭ್ಯಾಸ ಬೇಕಿಲ್ಲ: ಎ ಮೈನರ್ ಹಿಡಿದು ಮೊದಲು ಐದನೆಯ ತಂತಿಯನ್ನು ತೆರೆದಂತೆ ಮೀಟಿ, ಆಮೇಲೆ ಎಲ್ಲಕ್ಕಿಂತ ದಪ್ಪನೆಯ ಆರನೆಯ ತಂತಿಯಲ್ಲಿ ಕೇಪೊದಿಂದ ಎಣಿಸಿ ಮೂರನೆಯ, ಎರಡನೆಯ, ಮೊದಲನೆಯ ಫ್ರೆಟ್ಟುಗಳನ್ನು ಕ್ರಮವಾಗಿ ಒತ್ತುತ್ತ ಬಂದರೆ ಎಲ್ಟನ್ ಅವರ ಎಡಗೈ ಇಳಿದ ಮೆಟ್ಟಿಲುಗಳೆಲ್ಲ ಅಲ್ಲಿ ಸಿಗುತ್ತವೆ.